ಮಡಚುವ ಚಾಕುವಿಗೆ ಯಾಕಿಷ್ಟು ರೇಟು?

ಮೂಡಿಗೆರೆ ಹುಡುಗ:
ಗೊತ್ತಿದ್ದವರು ಸ್ವಲ್ಪ ಹೇಳಿ. ತೋಟಕ್ಕೆ ಹೋಗುವಾಗ ಜೇಬಿನಲ್ಲಿ ಇಟ್ಟುಕೊಳ್ಳಲು ಒಂದು ಮಡಚುವ ಚಾಕು ಬೇಕಿತ್ತು. ಗೊಬ್ಬರದ ಚೀಲ ಬಿಚ್ಚಲು, ಸುತಲಿ ಕತ್ತರಿಸಲು, ಮಧ್ಯಾಹ್ನ ಒಂದು ಕಿತ್ತಳೆ ಹೆಚ್ಚಲು, ಅಷ್ಟೇ. ಸಂತೆಯಲ್ಲಿ 120 ರೂಪಾಯಿಗೆ ಸಿಗುತ್ತದೆ. ಆನ್‌ಲೈನಿನಲ್ಲಿ ನೋಡಿದರೆ ಸಾವಿರದ ಐನೂರು, ಆರು ಸಾವಿರ, ಹೀಗೆ ಏರುತ್ತಾ ಹೋಗುತ್ತದೆ. ನಮ್ಮ ಭಾವ ಅಮೆರಿಕದಿಂದ ತಂದಿದ್ದು 22,000 ಅಂತೆ! ಸುಮ್ನೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆ, 95 ಗ್ರಾಂ. ನಮ್ಮೂರ ಕುಲುಮೆಯಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಾದಿಂದ ಮಾಡಿಸಿದ ಕತ್ತಿ ಮುಕ್ಕಾಲು ಕೆಜಿ ಇದೆ, 600 ರೂಪಾಯಿ ಕೊಟ್ಟಿದ್ದು, ಎಂಟು ವರ್ಷದಿಂದ ಕಾಡು ಸವರುತ್ತಿದೆ. ಈ 95 ಗ್ರಾಂನಲ್ಲಿ ಅಂಥದ್ದೇನಿದೆ? ಬರೀ ಹೆಸರಿಗೆ ಕೊಡುವ ದುಡ್ಡಾ?

ಹಾಸನದ ಲೇತ್‌ನವನು:
ತೂಗಿ ನೋಡಿದ್ದು ಓದಿ ನಗು ಬಂತು ಮಾರಾಯ್ರೆ. ತೂಕಕ್ಕೆ ರೇಟು ಕಟ್ಟಲು ಅದೇನು ಗುಜರಿಯಾ? ನಿಮ್ಮ ಕತ್ತಿಯಲ್ಲಿ ಇರುವುದು ಒಂದು ತುಂಡು ಉಕ್ಕು, ಒಂದು ಹಿಡಿ. ಕೀಲು ಇಲ್ಲ. ಮಡಚುವ ಚಾಕುವಿನ ಕಷ್ಟವೆಲ್ಲಾ ಕೀಲಿನಲ್ಲೇ ಇರುವುದು. ಬಿಗಿಯಾದರೆ ತೆರೆಯಲ್ಲ, ಸಡಿಲವಾದರೆ ಅಲಗು ಅಲ್ಲಾಡುತ್ತದೆ, ಮಡಚಿದಾಗ ಅಲಗು ಹಿಡಿಯ ಎರಡು ಪಟ್ಟಿಗಳ ಸರಿಯಾಗಿ ಮಧ್ಯಕ್ಕೆ ಕೂರಬೇಕು. ಸಂತೆಯ ಚಾಕು ತೆರೆದು ಅಲಗಿನ ತುದಿ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ, ಗಡಗಡ ಅನ್ನುತ್ತದೆ.

ಇನ್ನು ಲಾಕು. ಒಳಗೆ ಒಂದು ತೆಳು ಪಟ್ಟಿ ಸ್ಪ್ರಿಂಗಿನ ಹಾಗೆ ಬಂದು ಅಲಗಿನ ಹಿಂಬದಿಗೆ ಒತ್ತಿ ನಿಲ್ಲುತ್ತದಲ್ಲ, ಆ ಎರಡು ಮುಖ ಸೇರುವ ಕೋನ ಒಂದು ಕೂದಲೆಳೆ ಹೆಚ್ಚುಕಡಿಮೆಯಾದರೂ ಒತ್ತಿ ಕೊಯ್ಯುವಾಗ ಜಾರುತ್ತದೆ. ನನ್ನ ತೋರುಬೆರಳಲ್ಲಿ ಮೂರು ಹೊಲಿಗೆ ಗುರುತಿದೆ, ಇನ್ನೂರು ರೂಪಾಯಿ ಉಳಿಸಲು ಹೋಗಿ. ಭಾವನ ಚಾಕುವಿನ ಅಲಗಿನ ಬುಡದಲ್ಲಿ ಏನೋ ಸಣ್ಣದಾಗಿ ಬರೆದಿರಬೇಕು, ನೋಡಿ ಹೇಳಿ.

ಮೂಡಿಗೆರೆ ಹುಡುಗ:
ಎಸ್30ವಿ ಅಂತ ಇದೆ ಅಣ್ಣ.

ಹಾಸನದ ಲೇತ್‌ನವನು:
ಹಾಗಾದರೆ ಅರ್ಧ ಉತ್ತರ ಅಲ್ಲೇ ಇದೆ. 2001ರಲ್ಲಿ ಅಮೆರಿಕದಲ್ಲಿ ಚಾಕುವಿಗೆಂದೇ ತಯಾರಿಸಿದ ಉಕ್ಕು ಅದು. ಸುಮಾರು 14 ಶೇಕಡಾ ಕ್ರೋಮಿಯಂ, 4 ಶೇಕಡಾ ವನೇಡಿಯಂ. ಕರಗಿದ ಉಕ್ಕನ್ನು ಅನಿಲದಿಂದ ಚಿಮ್ಮಿಸಿ ಪುಡಿ ಮಾಡಿ, ಆ ಪುಡಿಯನ್ನು ಕಾಯಿಸಿ ಒತ್ತಿ ಮತ್ತೆ ಗಟ್ಟಿ ಮಾಡುತ್ತಾರೆ. ವನೇಡಿಯಂ ಕಾರ್ಬನ್ ಜೊತೆ ಸೇರಿ ಆಗುವ ಕಣಗಳು ಮಾಮೂಲಿ ಗ್ರೈಂಡಿಂಗ್ ಕಲ್ಲಿನ ಪುಡಿಗಿಂತ ಗಟ್ಟಿ. ಅಂದರೆ ನೀವು ಅಲಗು ಉಜ್ಜಲು ಹೋದರೆ ಗ್ರೈಂಡಿಂಗ್ ಬೆಲ್ಟೇ ಸವೆಯುತ್ತದೆ! ಟೈಮು ಜಾಸ್ತಿ, ಬೆಲ್ಟು ಜಾಸ್ತಿ, ಕೂಲಿ ಜಾಸ್ತಿ. ಆಮೇಲೆ ಕುಲುಮೆಯಲ್ಲಿ ಆಚಾರ್ರು ಕೆಂಪು ಬಣ್ಣ ನೋಡಿಯೇ ಹದ ಹಾಕುತ್ತಾರಲ್ಲ, ಲಾರಿ ಪಟ್ಟಾ ಅದಕ್ಕೆ ಒಗ್ಗುತ್ತದೆ, ಈ ಉಕ್ಕು ಒಗ್ಗಲ್ಲ. ಸಾವಿರ ಡಿಗ್ರಿ ದಾಟಿಸಿ, ಅಳತೆ ಇಟ್ಟು ಕಾಯಿಸಿ, ತಣಿಸಿ, ಮತ್ತೆ ಹದ ಮಾಡಬೇಕು.

ಬಾಳೆಹೊನ್ನೂರು ನರ್ಸರಿ:
ಉಕ್ಕಿನ ಮಾತು ಸರಿ, ಆದರೆ ಗಟ್ಟಿ ಇದ್ದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ನಾನು ಮೆಣಸಿನ ಬಳ್ಳಿಯನ್ನು ಬ್ರೆಜಿಲ್ ಹಿಪ್ಪಲಿಯ ಬುಡಕ್ಕೆ ಕಸಿ ಕಟ್ಟುವವನು. ಒಂದೇ ಎಳೆತಕ್ಕೆ ಕೊಯ್ಯಬೇಕು, ಬಾಯಿ ಸ್ವಲ್ಪ ಮೊಂಡಾಗಿದ್ದರೂ ಕಾಂಡ ಜಜ್ಜಿಹೋಗಿ ಕಸಿ ಕೊಳೆಯುತ್ತದೆ. ದಿನಕ್ಕೆ ಹತ್ತು ಸಲ ಮಸೆಯುವ ನನಗೆ ಬೇಗ ಮಸೆಯಲು ಬರುವ ಮಾಮೂಲಿ ಕಾರ್ಬನ್ ಉಕ್ಕೇ ಬೇಕು. ಒಂದು ಬದಿ ಮಾತ್ರ ಮಸೆದ ಕಸಿ ಚಾಕು, 700 ರೂಪಾಯಿಯದು. ಆಷಾಢದಲ್ಲಿ ರಾತ್ರಿ ಒರೆಸದೆ ಇಟ್ಟರೆ ಬೆಳಗ್ಗೆ ಕೆಂಪು ತುಕ್ಕು, ಅದೊಂದೇ ತಾಪತ್ರಯ. ಕೊಬ್ಬರಿ ಎಣ್ಣೆ ಸವರಿಡುತ್ತೇನೆ.

ಸಕಲೇಶಪುರದ ಮಾವ:
ನಮ್ಮ ಕಾಲದಲ್ಲಿ ಮಡಚುವ ಚಾಕು ಅಂದರೆ ರಾಂಪುರಿ, ಅದೂ ಸಿನಿಮಾ ರೌಡಿ ಕೈಯಲ್ಲಿ. ಇರಲಿ. ಲೇತ್‌ನವರು ಹೇಳಿದ್ದೆಲ್ಲಾ ಒಪ್ಪುತ್ತೇನೆ, ಆದರೆ ಅದರಿಂದ 22,000 ಆಗಲ್ಲ ಅಲ್ವಾ? ಒಂದು ಮಟ್ಟದ ಮೇಲೆ ಅದು ಒಡವೆ. ಟೈಟಾನಿಯಂ ಹಿಡಿ, ಕೀಲಿಗೆ ಬೇರಿಂಗು, ಬಣ್ಣ. ಜೊತೆಗೆ ಎಷ್ಟು ಮಾಡುತ್ತಾರೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್‌ನವರು 1897ರಿಂದ ಹೆಚ್ಚುಕಡಿಮೆ ಅದೇ ಆಫೀಸರ್ ಚಾಕು ಮಾಡಿಕೊಂಡು ಬಂದಿದ್ದಾರೆ, ಮಷೀನಿನ ಖರ್ಚು ರಾಶಿ ರಾಶಿ ಚಾಕುವಿನ ಮೇಲೆ ಹಂಚಿಹೋಗುತ್ತದೆ. ಫ್ರಾನ್ಸಿನ ಒಪಿನೆಲ್ ನೋಡಿ, ಬೀಚ್ ಮರದ ಹಿಡಿ, ಅಲಗು, ಒಂದು ಮೊಳೆ, ಎರಡು ಬಳೆ, ಒಟ್ಟು ಐದೇ ಭಾಗ. ತಿರುಗಿಸಿ ಲಾಕ್ ಮಾಡುವ ಆ ಬಳೆ ಬಂದಿದ್ದು 1955ರಲ್ಲಿ, ಇವತ್ತಿಗೂ ಅದೇ. ಅಲ್ಲಿ ಅದು ಅಗ್ಗದ ಚಾಕು, ಇಲ್ಲಿಗೆ ಬರುವಷ್ಟರಲ್ಲಿ ಕಸ್ಟಮ್ಸು, ಜಿಎಸ್‌ಟಿ, ತರಿಸಿದವನ ಲಾಭ ಎಲ್ಲಾ ಸೇರಿ ದುಬಾರಿ. ಅದೇ ಇನ್ನೂರು ಚಾಕು ಮಾತ್ರ ಮಾಡುವವನು ಮಷೀನ್ ಸೆಟ್ ಮಾಡಿದ ಖರ್ಚನ್ನು ಆ ಇನ್ನೂರರ ಮೇಲೇ ಹಾಕಬೇಕು.

ಅಂದ ಹಾಗೆ ಭಾವನ ಚಾಕುವನ್ನು ಬೀದಿಯ ಸಾಣೆಯವನಿಗೆ ಕೊಡಬೇಡಿ. ನೀರಿಲ್ಲದ ಚಕ್ರಕ್ಕೆ ಒತ್ತಿ ಕಿಡಿ ಹಾರಿಸಿದರೆ ಬಾಯಿ ನೀಲಿ ತಿರುಗುತ್ತದೆ, ಹದ ಹೋಯಿತು ಅಂತಲೇ ಲೆಕ್ಕ.

ಮೂಡಿಗೆರೆ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಕುಲುಮೆಗೆ ಹೋಗಿ ನಮ್ಮ ಆಚಾರ್ರನ್ನೇ ಕೇಳಿದೆ, ಇದೇ ಪಟ್ಟಾದಲ್ಲಿ ಮಡಚುವ ಒಂದು ಚಾಕು ಮಾಡಿಕೊಡ್ತೀರಾ ಅಂತ. ಭಾವನ ಚಾಕು ಕೈಗೆ ಕೊಟ್ಟೆ. ಅವರು ಅಲಗಿನ ಕಡೆ ನೋಡಲೇ ಇಲ್ಲ. ಕಿವಿಯ ಹತ್ತಿರ ಹಿಡಿದು ಹತ್ತು ಸಲ ತೆರೆದು ಮಡಚಿದರು. "ಕತ್ತಿ ಬೇಕಾದರೆ ಮಧ್ಯಾಹ್ನದೊಳಗೆ ತಗೊಂಡು ಹೋಗು, 700. ಇದನ್ನು ಹೀಗೆ ಕೂರಿಸಬೇಕಾದರೆ ನನಗೆ ಒಂದು ವಾರ ಬೇಕು, ಎಷ್ಟು ಕೊಡ್ತೀಯಾ ಹೇಳು" ಅಂದರು.