ಕನ್ನಿಂಗ್‌ಹ್ಯಾಮ್ ಸ್ಕಿಂಕ್ ನಮ್ಮ ಕರಾವಳಿಯಲ್ಲಿ ಬದುಕುತ್ತದಾ?

ಸುರತ್ಕಲ್_ಹುಡುಗ:
ಒಬ್ಬ ಮಾರಾಟಗಾರ ಆಸ್ಟ್ರೇಲಿಯಾದ ಕನ್ನಿಂಗ್‌ಹ್ಯಾಮ್ ಸ್ಕಿಂಕ್ ಜೋಡಿಯ ಫೋಟೋ ಕಳಿಸಿದ್ದಾನೆ. ನಮ್ಮ ಅರಣೆಯ ಬಳಗವೇ, ಆದರೆ ಮೈಯೆಲ್ಲ ಮುಳ್ಳು ಮುಳ್ಳು. ಬಂಡೆ ಸಂದಿಯಲ್ಲಿ ವಾಸವಂತೆ. "ಮೀನಿನ ತೊಟ್ಟಿಯಲ್ಲಿ ನಾಲ್ಕು ಕಲ್ಲು ಹಾಕಿ ಸಾಕು, ಆರು ತಿಂಗಳಲ್ಲಿ ಮೊಟ್ಟೆ ಇಡ್ತದೆ" ಅಂತಾನೆ. ನನಗೆ ತುಂಬಾ ಆಸೆ ಆಗಿದೆ. ಮನೆ ಸಮುದ್ರಕ್ಕೆ ಹತ್ತಿರ. ಸಾಕಿದವರು ಯಾರಾದರೂ ಇದ್ದೀರಾ?

ಕಾಪು_ಕಡಲು:
ನಾನು ಸಾಕಿದ್ದೇನೆ. ಇಲ್ಲಿ ಅಲ್ಲ, ಸಿಡ್ನಿಯಲ್ಲಿ ಕೆಲಸದಲ್ಲಿದ್ದಾಗ. ಅಲ್ಲಿ ಅದು ಊರಿನದೇ ಪ್ರಾಣಿ, ಆದರೂ ಲೈಸೆನ್ಸ್ ಬೇಕು.

ಮೊದಲು ಆ ಮೊಟ್ಟೆ ವಿಷಯ. ಈ ಸ್ಕಿಂಕ್ ಮೊಟ್ಟೆ ಇಡುವುದೇ ಇಲ್ಲ ಮಾರಾಯ್ರೇ, ಮರಿ ಹಾಕುತ್ತದೆ. ಮರಿಗಳು ದೊಡ್ಡವರ ಜೊತೆ ಅದೇ ಬಂಡೆಯಲ್ಲಿ ಕುಟುಂಬವಾಗಿ ಇರುತ್ತವೆ. ಇಷ್ಟೂ ಗೊತ್ತಿಲ್ಲದವನಿಗೆ ದುಡ್ಡು ಕೊಡಬೇಡಿ.

ಇನ್ನು ಸಂದಿ. ಅದು ಅಲಂಕಾರಕ್ಕಲ್ಲ, ಅದರ ಜೀವ ಇರುವುದೇ ಅಲ್ಲಿ. ಒಮ್ಮೆ ನನ್ನ ಹೆಣ್ಣು ಸ್ಕಿಂಕನ್ನು ಡಾಕ್ಟರ ಹತ್ತಿರ ಒಯ್ಯಬೇಕಿತ್ತು. ಕೈ ಚಾಚಿದ ಕೂಡಲೇ ಎರಡು ಚಪ್ಪಡಿಗಳ ನಡುವೆ ನುಗ್ಗಿತು. ಉಸಿರೆಳೆದು ಮೈ ಉಬ್ಬಿಸಿತು. ಬೆನ್ನಿನ ಮುಳ್ಳುಗಳು ಮೇಲಿನ ಕಲ್ಲಿಗೆ ಕಚ್ಚಿ ಕೂತವು. ಬೆರಳು ತಾಗಿಸಿದರೆ ಗಾಳಿ ತುಂಬಿದ ಸೈಕಲ್ ಟ್ಯೂಬಿನ ಹಾಗೆ ಬಿಗಿ. ಎಳೆದರೆ ಗಾಯ ಆಗುತ್ತದೆ, ಎಳೆಯಲಿಲ್ಲ. ದೀಪ ಹಾಕಿ ದೂರ ಕೂತೆ. ಮುಕ್ಕಾಲು ಗಂಟೆ ಕಳೆದ ಮೇಲೆ ಮೂತಿ ಹೊರಗೆ ಬಂತು.

ಹಾಗಾಗಿ ಸಂದಿ ಎಂದರೆ ಹೊಟ್ಟೆಗೂ ಬೆನ್ನಿಗೂ ಕಲ್ಲು ತಾಗುವಷ್ಟು ಕಿರಿದು. ಸುಮ್ನೆ ಪೇರಿಸಿಟ್ಟ ಕಲ್ಲು ಜಾರಿದರೆ ಅಡಿಯಲ್ಲಿ ಸಿಕ್ಕಿ ಸಾಯುತ್ತದೆ. ನಾನು ಒಂದೊಂದನ್ನೂ ಸಿಲಿಕಾನ್ ಹಾಕಿ ಅಂಟಿಸಿದ್ದೆ. ಬೆಳೆದ ಸ್ಕಿಂಕ್ 40 ಸೆಂಟಿಮೀಟರ್ ಹತ್ತಿರ ಬರುತ್ತದೆ, ಜೋಡಿಗೆ ಮೀನಿನ ತೊಟ್ಟಿ ಸಾಲದು. ಊಟ ಮಾತ್ರ ಇಲ್ಲಿ ಸುಲಭ: ಸೊಪ್ಪು, ದಾಸವಾಳದ ಹೂ, ಸ್ವಲ್ಪ ಹುಳು.

ನನಗೆ ಹೆದರಿಕೆ ನಮ್ಮ ಮಳೆಗಾಲದ್ದು. ಜೂನ್‌ನಿಂದ ಸೆಪ್ಟೆಂಬರ್ ತನಕ ಕಪಾಟಿನೊಳಗಿನ ಬೆಲ್ಟಿಗೂ ಬೂಷ್ಟು ಬರ್ತದೆ, ಅಲ್ವಾ? ಇದು ಬಿಸಿಲಿಗೆ ಕಾದ ಒಣ ಬಂಡೆಯ ಪ್ರಾಣಿ. ಒದ್ದೆ ಸಂದಿಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಚರ್ಮಕ್ಕೂ ಶ್ವಾಸಕೋಶಕ್ಕೂ ಕಾಯಿಲೆ ಹಿಡಿಯುತ್ತದೆ. ಬಿಸಿ ದೀಪ, ಯುವಿ ದೀಪ ಎರಡೂ ದಿನಾ ಉರಿಯಬೇಕು. ಗಾಳಿಮಳೆಗೆ ಕರೆಂಟ್ ಹೋದರೆ ಏನು ಮಾಡ್ತೀರಿ?

ಮಣಿಪಾಲ_ಹಸಿರು:
ಕಾನೂನು ನೋಡಿಕೊಳ್ಳಿ. ಆಸ್ಟ್ರೇಲಿಯಾ ತನ್ನ ಹಲ್ಲಿ, ಹಾವುಗಳನ್ನು ಜೀವಂತವಾಗಿ ವ್ಯಾಪಾರಕ್ಕೆ ಹೊರಗೆ ಬಿಡುವುದಿಲ್ಲ. ಯುರೋಪಿನಲ್ಲಿ ಸಾಕಣೆಯಲ್ಲೇ ಹುಟ್ಟಿದವು ಉಂಟು, ಆದರೆ ಅದನ್ನು ತರಲಿಕ್ಕೂ ಆಮದು ಲೈಸೆನ್ಸ್ ಬೇಕು. ಸೈಟಿಸ್ (ಕಾಡುಪ್ರಾಣಿ, ಗಿಡಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದ) ಪಟ್ಟಿಯಲ್ಲಿರುವ ಪ್ರಾಣಿಯಾದರೆ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಅವನ ಹತ್ತಿರ ಕಾಗದ ಕೇಳಿ.

ಸುರತ್ಕಲ್_ಹುಡುಗ:
ಕೇಳಿದೆ. "ಕಾಗದ ಎಲ್ಲ ಆಮೇಲೆ, ಮೊದಲು ಅಡ್ವಾನ್ಸ್ ಹಾಕಿ" ಅಂದ. ಬೇಡ ಅಂತ ಹೇಳಿಬಿಟ್ಟೆ. ಬೇಜಾರಾಗಿದೆ, ಸುಳ್ಳು ಹೇಳುವುದಿಲ್ಲ. ನಮ್ಮ ಮುರಕಲ್ಲಿನ ಪಾಗಾರದ ಸಂದಿಯಲ್ಲಿ ಒಂದು ದೊಡ್ಡ ಅರಣೆ ಉಂಟು. ಅದು ಕಚ್ಚಿದರೆ ಸಾವು ಅಂತ ಅಮ್ಮ ಹೆದರಿ ಸಂದಿಗೆ ಸಿಮೆಂಟ್ ಹಾಕಿಸಲು ಹೊರಟಿದ್ದಾರೆ.

ಕಾಪು_ಕಡಲು:
ದಯವಿಟ್ಟು ಹಾಕಿಸಬೇಡಿ. ಅರಣೆಗೆ ವಿಷವೇ ಇಲ್ಲ, ಅಮ್ಮನಿಗೆ ಹೇಳಿ. ಬೆಳಿಗ್ಗೆ ಪಾಗಾರಕ್ಕೆ ಬಿಸಿಲು ಬೀಳುವ ಹೊತ್ತಿಗೆ ನಾಲ್ಕು ಮಾರು ದೂರದಲ್ಲಿ ಅಲುಗಾಡದೆ ಕೂತುಕೊಳ್ಳಿ. ಮೊದಲು ಮೂತಿ ಕಾಣುತ್ತದೆ. ಆಮೇಲೆ ಮೈ ಚಪ್ಪಟೆ ಮಾಡಿ ಕಲ್ಲಿಗೆ ಅಂಟಿ ಬಿಸಿಲು ಕಾಯಿಸುತ್ತದೆ. ಫೋಟೋ ಸಿಕ್ಕಿದರೆ ಇಲ್ಲಿ ಹಾಕಿ, ನನಗೂ ನೋಡಬೇಕು.