ವೃದ್ಧಾಶ್ರಮಕ್ಕೆ ಸಮುದಾಯ ಸೇವೆಗೆ ಹುಡುಗನನ್ನು ಕಳಿಸ್ತಾರಂತೆ: ಬಾಲ ನ್ಯಾಯ ಮಂಡಳಿ ಆದೇಶ ಹೇಗಿರುತ್ತೆ?

ಬೆಣ್ಣೆನಗರಿ:
ದಾವಣಗೆರೆಯ ಒಂದು ವೃದ್ಧಾಶ್ರಮದ ಆಡಳಿತ ನನ್ನ ಕಡೆ ಇದೆ. ಮಕ್ಕಳ ರಕ್ಷಣಾ ಘಟಕದ ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಬಂದು, 18 ವರ್ಷದೊಳಗಿನವರ ಅಪರಾಧ ಪ್ರಕರಣ ನೋಡೋ ಬಾಲ ನ್ಯಾಯ ಮಂಡಳಿಯಿಂದ 16 ವರ್ಷದ ಹುಡುಗನೊಬ್ಬನನ್ನು ಸಮುದಾಯ ಸೇವೆಗೆ ತಗೋತೀರಾ ಅಂತ ಕೇಳಿದ್ದಾರೆ. ಟ್ರಸ್ಟಿನಲ್ಲಿ ಅರ್ಧ ಜನ ಆಗಲಿ ಅಂತಾರೆ, ಅರ್ಧ ಜನ ಬೇಡವೇ ಬೇಡ ಅಂತಾರೆ. ಎಷ್ಟು ಗಂಟೆ ಅಂತ ಯಾರು ತೀರ್ಮಾನಿಸ್ತಾರೆ? ಯಾವ ಕೆಲಸ ಕೊಡಬಹುದು? ಹುಡುಗ ಬರದೇ ಹೋದರೆ ಹೊಣೆ ನಮ್ಮದಾ? ತಿಳಿದವರು ಹೇಳಿ.

ಹರಿಹರ ವಕೀಲ:
ಸರ್, ಇದು ಒಬ್ಬ ಜಡ್ಜ್ ಕೂತು ಕೊಡೋ ಶಿಕ್ಷೆ ಅಲ್ಲ, ಟ್ರಸ್ಟಿನವರಿಗೆ ಮೊದಲು ಇದನ್ನು ಹೇಳಿ. ಮಂಡಳಿಯಲ್ಲಿ ಮೂವರಿರ್ತಾರೆ. ಕನಿಷ್ಠ 3 ವರ್ಷ ಅನುಭವ ಇರೋ ಮ್ಯಾಜಿಸ್ಟ್ರೇಟ್, ಜೊತೆಗೆ ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಪ್ರಕರಣ ಮುಗಿಸುವಾಗ ಮ್ಯಾಜಿಸ್ಟ್ರೇಟ್ ಸೇರಿ ಇಬ್ಬರಾದರೂ ಹಾಜರಿರಬೇಕು. ಬಹುಮತದಂತೆ ತೀರ್ಮಾನ, ಬಹುಮತ ಬರದಿದ್ದರೆ ಮ್ಯಾಜಿಸ್ಟ್ರೇಟ್ ಅಭಿಪ್ರಾಯವೇ ಅಂತಿಮ. ಕೋರ್ಟ್ ಹಾಲಿನಂತೆ ಎತ್ತರದ ಪೀಠ, ಕಟಕಟೆ ಯಾವುದೂ ಅಲ್ಲಿರಬಾರದು. ಮಗು ಕೂತ ಮಟ್ಟದಲ್ಲೇ ಅವರೂ ಕೂರಬೇಕು.

2015ರ ಬಾಲ ನ್ಯಾಯ ಕಾಯ್ದೆಯ 18ನೇ ಕಲಂ ನೋಡಿ. ಬುದ್ಧಿ ಹೇಳಿ ಮನೆಗೆ ಕಳಿಸೋದು, ಗುಂಪು ಆಪ್ತಸಮಾಲೋಚನೆ, ಸಮುದಾಯ ಸೇವೆ, ದಂಡ, ಸನ್ನಡತೆಯ ಮೇಲೆ ಪಾಲಕರ ವಶಕ್ಕೆ ಕೊಡೋದು, ಕೊನೆಗೆ ಹೆಚ್ಚೆಂದರೆ 3 ವರ್ಷ ವಿಶೇಷ ಗೃಹ, ಅಂದ್ರೆ ಇಂಥ ಮಕ್ಕಳನ್ನು ಇಟ್ಟು ತಿದ್ದೋ ಸರ್ಕಾರಿ ವ್ಯವಸ್ಥೆಯ ಗೃಹ. ಸಮುದಾಯ ಸೇವೆ ಈ ಸಾಲಿನ ಹಗುರ ತುದಿಯಲ್ಲಿದೆ. ಅಲ್ಲಿಗೆ, ನಿಮ್ಮಲ್ಲಿಗೆ ಬರೋ ಹುಡುಗ ಭಾರೀ ಪ್ರಕರಣದವನಾಗಿರೋ ಸಾಧ್ಯತೆ ಕಮ್ಮಿ. 3 ವರ್ಷದವರೆಗಿನ ಶಿಕ್ಷೆಯ ಅಪರಾಧವನ್ನು ಕಾಯ್ದೆ ಸಣ್ಣ ಅಪರಾಧ ಅಂತಲೇ ಎಣಿಸುತ್ತೆ, ಸಾಮಾನ್ಯ ಕಳವು ಅದರಲ್ಲೇ ಬರುತ್ತೆ.

ಗಂಟೆ ಎಷ್ಟು ಅಂತ ಕಾಯ್ದೆಯಲ್ಲಿಲ್ಲ, ಮಂಡಳಿ ಬರೆದಷ್ಟು. 2016ರ ಮಾದರಿ ನಿಯಮಗಳ ಪ್ರಕಾರ 14 ವರ್ಷ ದಾಟಿದವರಿಗೆ ಮಾತ್ರ. ಉದ್ಯಾನ ನೋಡಿಕೊಳ್ಳೋದು, ವೃದ್ಧರ ಸೇವೆ, ಆಸ್ಪತ್ರೆಯಲ್ಲಿ ನೆರವು, ಅಂಗವಿಕಲ ಮಕ್ಕಳ ಸೇವೆ, ಟ್ರಾಫಿಕ್ ಸ್ವಯಂಸೇವೆ ಅಂತ ಉದಾಹರಣೆಯನ್ನೂ ಕೊಟ್ಟಿದ್ದಾರೆ. ಆದೇಶ ಕೈಗೆ ಬಂದಾಗ ನಾಲ್ಕು ಸಂಗತಿ ಇವೆಯೇ ನೋಡಿ: ಒಟ್ಟು ಗಂಟೆ, ಯಾವ ವಾರ, ಏನು ಕೆಲಸ, ಮೇಲ್ವಿಚಾರಕರ ಹೆಸರು. "ಸಂಸ್ಥೆಯಲ್ಲಿ ಸೇವೆ ಸಲ್ಲಿಸತಕ್ಕದ್ದು" ಅಂತ ಒಂದೇ ಸಾಲು ಬರೆದ ಆದೇಶ ಬಂದರೆ ಸುಮ್ಮನೆ ಇಟ್ಟುಕೊಳ್ಳಬೇಡಿ, ಪರಿವೀಕ್ಷಣಾಧಿಕಾರಿ ಮೂಲಕ ಸ್ಪಷ್ಟ ಮಾಡಿಸಿಕೊಳ್ಳಿ. ಮುಂದೆ ಆಗೋ ಜಗಳಕ್ಕೆಲ್ಲ ಮೂಲ ಆ ಒಂದು ಸಾಲೇ.

ಬರದೇ ಹೋದರೆ ಹೊಣೆ ನಿಮ್ಮದಲ್ಲ. ವರದಿ ಕೊಡೋದಷ್ಟೇ ನಿಮ್ಮ ಕೆಲಸ.

ಕೋಟೆನಾಡು:
ವಕೀಲರು ಕಾನೂನು ಹೇಳಿದ್ರು, ನಡೆಸೋ ರೀತಿ ನಾನು ಹೇಳ್ತೀನಿ. ಚಿತ್ರದುರ್ಗದ ಕಡೆ ಇಂಥ ಕೆಲಸದಲ್ಲೇ ಇರೋದ್ರಿ.

ಆದೇಶಕ್ಕೆ ಮುಂಚೆ ಪರಿವೀಕ್ಷಣಾಧಿಕಾರಿ ಸಾಮಾಜಿಕ ತನಿಖಾ ವರದಿ ಕೊಡಬೇಕು, 2 ವಾರದೊಳಗೆ. ಮನೆ, ಶಾಲೆ, ಗೆಳೆಯರು, ಚಟ ಎಲ್ಲ ಅದರಲ್ಲಿರುತ್ತೆ. ನಿಮ್ಮ ಕರಾರು ಏನೇ ಇದ್ದರೂ ಆ ಹಂತದಲ್ಲೇ ಅವರಿಗೆ ಹೇಳಿ: ಹುಡುಗ ಎಲ್ಲಿಂದ ಬರಬೇಕು, ಬಸ್ ಚಾರ್ಜ್ ಯಾರದು, ಶಾಲೆ ಬಿಡೋದು ಎಷ್ಟೊತ್ತಿಗೆ. ಜಗಳೂರು ಕಡೆಯ ಹುಡುಗನಿಗೆ ದಾವಣಗೆರೆಯಲ್ಲಿ ದಿನಾ ಎರಡು ಗಂಟೆ ಅಂತ ಬರೆದರೆ ಎರಡನೇ ವಾರಕ್ಕೇ ಕೈಕೊಡ್ತಾನೆ. ತಪ್ಪು ಅವನದಲ್ಲ, ಬಸ್ಸಿನದು. ಭಾನುವಾರ ಬೆಳಗ್ಗೆ ಮೂರು ಗಂಟೆ, ಮಧ್ಯಾಹ್ನ ಊಟ ಹಾಕಿ ಕಳಿಸಿದರೆ ಸರಿಹೋಗುತ್ತೆ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ತಿಂಗಳು ಬಿಡಿಸಿಕೊಳ್ಳಿ.

ಕೆಲಸ: ಅಜ್ಜಂದಿರಿಗೆ ಪೇಪರ್ ಓದಿ ಹೇಳೋದು, ಗಾಲಿಕುರ್ಚಿ ತಳ್ಳಿಕೊಂಡು ಅಂಗಳ ಸುತ್ತಿಸೋದು, ಪಿಂಚಣಿ ಅರ್ಜಿ ತುಂಬೋದು, ಗಿಡಕ್ಕೆ ನೀರು. ಮಾತ್ರೆ ಡಬ್ಬಿ, ಹಣದ ಪೆಟ್ಟಿಗೆ, ಬೀಗದ ಕೈ ಕೊಡಬೇಡಿ. ನಡೆಯೋಕಾಗದವರನ್ನು ಎತ್ತಿ ಸ್ನಾನ ಮಾಡಿಸೋದೂ ಬೇಡ, ಜಾರಿ ಬಿದ್ದರೆ ಇಬ್ಬರಿಗೂ ಕಷ್ಟ. ಕಕ್ಕಸು ತೊಳೆಸಿದರೆ ಬುದ್ಧಿ ಬರುತ್ತೆ ಅನ್ನೋರು ನಿಮ್ಮ ಟ್ರಸ್ಟಿನಲ್ಲೂ ಒಬ್ಬರಿರ್ತಾರೆ. ಅವರನ್ನು ಈ ವಿಷಯದಿಂದ ದೂರ ಇಡಿ.

ಕೆಡೋದು ಎಲ್ಲಿ ಅಂದ್ರೆ, ಅಡುಗೆಯವರು ರಜೆ ಹಾಕಿದ ದಿನ ಅವನನ್ನು ಪಾತ್ರೆಗೆ ಕೂರಿಸ್ತಾರೆ, ಮರುವಾರ ತರಕಾರಿ ಮೂಟೆ ಹೊರಿಸ್ತಾರೆ. ಬಿಟ್ಟಿ ಆಳು ಸಿಕ್ಕ ಅಂತ ಗೊತ್ತಾದರೆ ಎಲ್ಲರೂ ಕರೆಯೋರೇ. ಅದಕ್ಕೇ ಮೇಲ್ವಿಚಾರಕರು ಒಬ್ಬರೇ ಇರಲಿ, ಅವರಿಲ್ಲದ ದಿನಕ್ಕೆ ಇನ್ನೊಬ್ಬರನ್ನು ಮೊದಲೇ ಗೊತ್ತುಮಾಡಿ. ಮೂರನೆಯವರು ಕೆಲಸ ಹೇಳಬಾರದು. ಇನ್ನೊಂದು, ಯಾರದೋ ಪರ್ಸ್ ಕಾಣೆಯಾದರೆ ಮೊದಲ ಕಣ್ಣು ಅವನ ಮೇಲೇ ಬೀಳುತ್ತೆ. ನೀವೇ ಜೇಬು ತಡಕೋಕೆ ಹೋಗಬೇಡಿ, ಪರಿವೀಕ್ಷಣಾಧಿಕಾರಿಗೆ ಫೋನ್ ಮಾಡಿ.

ಬೆಣ್ಣೆನಗರಿ:
ಧನ್ಯವಾದ ಇಬ್ಬರಿಗೂ. ನಮ್ಮ ಕಾರ್ಯದರ್ಶಿ, "ಹೊಸ ಕಾನೂನಿನಲ್ಲಿ ಸಮುದಾಯ ಸೇವೆ ಅಂದ್ರೆ ಶಿಕ್ಷೆ ಅಂತಲೇ ಇದೆ, ಜನಕ್ಕೆ ಕಾಣೋ ಹಾಗೆ ಗಾಜಿನ ಮನೆ ಪಾರ್ಕ್ ಹತ್ತಿರ ಕಸ ಗುಡಿಸೋಕೆ ಹಚ್ಚಲಿ" ಅಂತಾರೆ. ಅವರ ಮಾತಿನಲ್ಲಿ ಹುರುಳಿದೆಯಾ?

ಹರಿಹರ ವಕೀಲ:
ಅವರು ಹೇಳ್ತಿರೋದು ಭಾರತೀಯ ನ್ಯಾಯ ಸಂಹಿತೆ. 2024ರ ಜುಲೈ 1ರಿಂದ ಜಾರಿಗೆ ಬಂದಿದ್ದು, 4ನೇ ಕಲಂನಲ್ಲಿ ಸಮುದಾಯ ಸೇವೆ ಒಂದು ಶಿಕ್ಷೆ. 5,000 ರೂಪಾಯಿಗಿಂತ ಕಡಿಮೆ ಮೌಲ್ಯದ ಕಳವಿನಲ್ಲಿ ಮೊದಲ ಬಾರಿ ತಪ್ಪಿತಸ್ಥನಾದವನು ಮಾಲು ಅಥವಾ ಅದರ ಬೆಲೆ ವಾಪಸ್ ಕೊಟ್ಟರೆ ಆ ಶಿಕ್ಷೆ. ಅದು ದೊಡ್ಡವರಿಗೆ. ನಿಮ್ಮ ಹುಡುಗ ಬರೋದು ಬಾಲ ನ್ಯಾಯ ಕಾಯ್ದೆಯಡಿ. ಅದರ ಮೂಲ ತತ್ವಗಳಲ್ಲೇ ಮಗುವಿನ ಘನತೆ, ಗೋಪ್ಯತೆ, ಹೊಸ ಬದುಕಿನ ಅವಕಾಶ ಸೇರಿವೆ.

74ನೇ ಕಲಂ ಇನ್ನೂ ಮುಖ್ಯ. ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೋ ಯಾವುದೂ ಹೊರಗೆ ಬರಬಾರದು. ಮೀರಿದರೆ 6 ತಿಂಗಳವರೆಗೆ ಸೆರೆ, 2 ಲಕ್ಷದವರೆಗೆ ದಂಡ ಅಥವಾ ಎರಡೂ. ಪತ್ರಿಕೆ, ಟಿವಿ ಜೊತೆ ಬೇರೆ ಸಂವಹನ ಮಾಧ್ಯಮಗಳನ್ನೂ ಸೇರಿಸಿದ್ದಾರೆ, ನಿಮ್ಮ ಟ್ರಸ್ಟಿನ ವಾಟ್ಸಾಪ್ ಗ್ರೂಪ್ ಅದರಿಂದ ಹೊರಗೆ ಅಂದುಕೊಳ್ಳಬೇಡಿ. ಆಶ್ರಮದಲ್ಲಿ ಯಾರದೋ ಹುಟ್ಟುಹಬ್ಬ, ಕೇಕ್ ಹಿಡಿದವರ ಪಕ್ಕ ಅವನೂ ನಿಂತಿದ್ದಾನೆ, ಆ ಫೋಟೋ ಕೂಡ ಬೇಡ.

ಕೋಟೆನಾಡು:
ಗಾಜಿನ ಮನೆ ಬೇಡವೇ ಬೇಡ್ರಿ. ಭಾನುವಾರ ಅರ್ಧ ಊರೇ ಅದರ ಹತ್ತಿರದ ಕುಂದವಾಡ ಕೆರೆ ಕಡೆ ಇರುತ್ತೆ, ಕ್ಲಾಸ್‌ಮೇಟ್ ಒಬ್ಬ ನೋಡಿದರೆ ಸೋಮವಾರ ಶಾಲೆ ಬಿಟ್ಟನೇ ಅಂತ ತಿಳಕೊಳ್ಳಿ. ಉದ್ಯಾನವೇ ಬೇಕಂದ್ರೆ ನಿಮ್ಮ ಕಾಂಪೌಂಡಿನ ಒಳಗಿನ ತೋಟ ಸಾಕು. ಆಶ್ರಮದವರಿಗೂ ಅವನು ರಜೆಯಲ್ಲಿ ಸಹಾಯಕ್ಕೆ ಬರೋ ಹುಡುಗ ಅಷ್ಟೇ. ಪ್ರಕರಣ ಮೇಲ್ವಿಚಾರಕರಿಗೆ ಗೊತ್ತಿದ್ದರೆ ಸಾಕು.

ಹಾಜರಿ ಪುಸ್ತಕ ಬೇರೆ ಇಡಿ. ದಿನಾಂಕ, ಬಂದ ಹೊತ್ತು, ಹೋದ ಹೊತ್ತು, ಮಾಡಿದ ಕೆಲಸ, ಇಬ್ಬರ ಸಹಿ. ಪ್ರಕರಣದ ನಂಬರ್ ಬರೆಯಬೇಡಿ. ಗಂಟೆ ಮುಗಿದ ಮೇಲೆ ಪುಸ್ತಕವನ್ನೇ ಪರಿವೀಕ್ಷಣಾಧಿಕಾರಿಗೆ ಒಪ್ಪಿಸಿ, ನಕಲು ಇಟ್ಟುಕೊಳ್ಳಬೇಡಿ. ಎರಡು ವಾರ ಬರದಿದ್ದರೆ ಮೊದಲು ಮನೆಗೆ ಒಂದು ಫೋನ್. ಜ್ವರ, ಮದುವೆ, ಕೂಲಿ, ಮೂರರಲ್ಲಿ ಒಂದಿರುತ್ತೆ. ಆಮೇಲೆ ಬರವಣಿಗೆಯಲ್ಲಿ ವರದಿ.

ಹರಿಹರ ವಕೀಲ:
ಒಂದು ಸೇರಿಸ್ತೀನಿ. ನಿಮ್ಮಲ್ಲಿ ಹೊಂದಲಿಲ್ಲ ಅಂದ್ರೆ ನೀವು ನೀವೇ ಮಾತಾಡಿಕೊಂಡು ಬೇರೆ ಆಶ್ರಮಕ್ಕೆ ಕಳಿಸೋ ಹಾಗಿಲ್ಲ. 104ನೇ ಕಲಂನಡಿ ಮಂಡಳಿಯೇ ಆದೇಶ ತಿದ್ದಬೇಕು, ಅದಕ್ಕೂ ಮ್ಯಾಜಿಸ್ಟ್ರೇಟ್ ಸೇರಿ ಇಬ್ಬರು ಕೂರಬೇಕು. ಅದೇ ಮ್ಯಾಜಿಸ್ಟ್ರೇಟರಿಗೆ ತಮ್ಮ ಕೋರ್ಟಿನ ಪ್ರಕರಣಗಳಿರ್ತವೆ, ತಿಂಗಳಿಗೊಮ್ಮೆಯಾದರೂ ಮಕ್ಕಳ ಗೃಹಗಳ ತಪಾಸಣೆ, ದೊಡ್ಡವರ ಜೈಲಿನಲ್ಲಿ ಮಕ್ಕಳಿದ್ದಾರಾ ಅಂತ ನೋಡೋ ಕೆಲಸವೂ ಇದೆ. ಹಾಗಾಗಿ ಬದಲಾವಣೆ ಬೇಕಿದ್ದರೆ ಕೊನೆ ಭಾನುವಾರದವರೆಗೆ ಕಾಯದೆ ಮೊದಲೇ ಅರ್ಜಿ ಹಾಕಿಸಿ.

ಬೆಣ್ಣೆನಗರಿ:
ಸರಿ ಸರ್. ಮೇಲ್ವಿಚಾರಣೆಗೆ ನಮ್ಮ ನರ್ಸಮ್ಮನ ಹೆಸರು ಬರೆದುಕೊಡ್ತೇನೆ. ಭಾನುವಾರವೂ ಇರ್ತಾರೆ, ಯಾರ ಮಾತಿಗೂ ಜಗ್ಗೋರಲ್ಲ.