ಅಜ್ಜಿಯ ಮನೆಗೆ ಎರಡಂಕಿಯ ನಂಬರು

ಎಂಟು ವರ್ಷದ ಮಗುವಿನ ಕೈಗೆ ಮೊಬೈಲ್ ಕೊಡದೆ ಊರಿನವರೊಂದಿಗೆ ಮಾತನಾಡಿಸುವುದು ಹೇಗೆಂದು ಕೇಳಿದವರಿಗೆ, ಟೆಕ್ಸಾಸಿನ ನಮ್ಮ ಮನೆಯಲ್ಲಿರುವ ಏರ್ಪಾಡನ್ನು ವಿವರಿಸುತ್ತೇನೆ. ಅಡುಗೆಮನೆಯ ಗೋಡೆಯಲ್ಲಿ ಗುಂಡಿಗಳಿರುವ ಸಾಧಾರಣ ಫೋನೊಂದಿದೆ. ಬೇಸಿಗೆಯಲ್ಲಿ ರಾತ್ರಿ ಎಂಟಕ್ಕೆ ಮಗಳು ಅದರಲ್ಲಿ 21 ಒತ್ತಿದರೆ ಸಾಗರದಲ್ಲಿರುವ ನನ್ನ ಅಮ್ಮನ ಮನೆಯಲ್ಲಿ ಗಂಟೆ ಬಾರಿಸುತ್ತದೆ. ಅಲ್ಲಿ ಆಗ ಬೆಳಿಗ್ಗೆ ಆರೂವರೆ.

ಇದಕ್ಕೆ ಸರ್ವರ್, ಅಂದರೆ ಕರೆಗಳನ್ನು ಜೋಡಿಸುವ ಯಂತ್ರ, ಆಗಿರುವುದು ಅಂಗೈಯಗಲದ ಒಂದು ರಾಸ್ಪ್‌ಬೆರಿ ಪೈ. ಹಗಲಿರುಳು ಚಾಲೂ ಇದ್ದರೂ ಐದು ವ್ಯಾಟಿನೊಳಗೇ ಮುಗಿಸುವ ಈ ಪುಟ್ಟ ಕಂಪ್ಯೂಟರಿನಲ್ಲಿ, 1999ರಲ್ಲಿ ಮಾರ್ಕ್ ಸ್ಪೆನ್ಸರ್ ಆರಂಭಿಸಿದ ಆಸ್ಟರಿಸ್ಕ್ ಎಂಬ, ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸ ಮಾಡುವ ಉಚಿತ ತಂತ್ರಾಂಶ ನಡೆಯುತ್ತಿದೆ. ಒಂದು ಕರೆಗೆ ಪ್ರತಿ ದಿಕ್ಕಿನಲ್ಲೂ ಸೆಕೆಂಡಿಗೆ ಸುಮಾರು 87 ಕಿಲೋಬಿಟ್ ಸಾಕು. ಭಾರತದ ಅನೇಕ ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಮನೆಗೆ ಇಂಟರ್‌ನೆಟ್ಟಿನಲ್ಲಿ ಹೊರಗಿನಿಂದ ನೇರವಾಗಿ ತಲುಪಬಹುದಾದ ಪ್ರತ್ಯೇಕ ವಿಳಾಸ (ಸಾರ್ವಜನಿಕ ಐಪಿ) ಇರುವುದಿಲ್ಲವಾದ್ದರಿಂದ ಸರ್ವರನ್ನು ನಮ್ಮಲ್ಲೇ ಇಟ್ಟುಕೊಂಡು, ಅಮ್ಮನಿಗೆ ಹಳೆಯ ಫೋನನ್ನು ಇಂಟರ್‌ನೆಟ್ಟಿಗೆ ಜೋಡಿಸುವ ಅಡಾಪ್ಟರನ್ನಷ್ಟೇ ಕಳುಹಿಸಿದೆವು. ಅಲ್ಲಿ ಕರೆಂಟು ಹೋದರೂ ಮಾತು ನಿಲ್ಲದಂತೆ ಅದನ್ನೂ ರೂಟರನ್ನೂ ಯುಪಿಎಸ್‌ಗೆ ಸೇರಿಸಿದ್ದೇವೆ.

ಮೊದಲ ವಾರ ಮಗಳ ಮಾತು ಅಮ್ಮನಿಗೆ ಕೇಳಿಸುತ್ತಿತ್ತು, ಅಮ್ಮನ ದನಿ ಮಾತ್ರ ಇತ್ತ ಬರುತ್ತಿರಲಿಲ್ಲ. ಸರ್ವರು ಹೊರಗಿನವರಿಗೂ 192.168 ಎಂದು ಶುರುವಾಗುವ, ಮನೆಯೊಳಗಷ್ಟೇ ನಡೆಯುವ ವಿಳಾಸವನ್ನೇ ಹೇಳುತ್ತಿದ್ದುದು ಇದಕ್ಕೆ ಕಾರಣವಾಗಿತ್ತು. ಹೊರಗಿನ ವಿಳಾಸವನ್ನು ಆಸ್ಟರಿಸ್ಕಿಗೆ ತಿಳಿಸಿ, ಇಂಟರ್‌ನೆಟ್ ಕರೆಗಳ ಸಂದೇಶಗಳನ್ನು ನಡುವೆ ತಿದ್ದುವ ರೂಟರಿನ ಸಿಪ್ ಎಎಲ್‌ಜಿ ಎಂಬ ಸೌಲಭ್ಯವನ್ನು ನಿಲ್ಲಿಸಿದ ಮೇಲೆ ಸರಿಹೋಯಿತು. ಇಂಥ ಕರೆಗಳು ಬರುವ ಬಾಗಿಲಾದ 5060ನೇ ಪೋರ್ಟನ್ನು ತೆರೆದಿಟ್ಟರೆ ಪಾಸ್‌ವರ್ಡ್ ಊಹಿಸುವವರು ಬಂದೇ ಬರುತ್ತಾರೆ, ಆದ್ದರಿಂದ ಉದ್ದನೆಯ ಪಾಸ್‌ವರ್ಡ್ ಇಡಿ, ಪದೇ ಪದೇ ತಪ್ಪು ಪಾಸ್‌ವರ್ಡ್ ಕೊಡುವವರನ್ನು ತಡೆಯುವ ಫೇಲ್‌ಟುಬ್ಯಾನ್ ಎಂಬ ತಂತ್ರಾಂಶ ಹಾಕಿ. ಊರಿನ ಲ್ಯಾಂಡ್‌ಲೈನಿಗೆ ಮಾತ್ರ ಈ ಸರ್ವರನ್ನು ಜೋಡಿಸಬೇಡಿ. ಪರವಾನಗಿಯಿಲ್ಲದೆ ವಿದೇಶದ ಕರೆಗಳನ್ನು ಅಲ್ಲಿನ ಟೆಲಿಫೋನ್ ಜಾಲಕ್ಕೆ ಸೇರಿಸುವುದು ಕಾನೂನುಬಾಹಿರ.

ಇಷ್ಟು ಶ್ರಮ ಏಕೆಂದರೆ, ವಿಡಿಯೋ ಕರೆಯಲ್ಲಿ ಮಗಳು ತನ್ನ ಚಿತ್ರವನ್ನು ಕ್ಯಾಮೆರಾಕ್ಕೆ ಹಿಡಿದು ಸುಮ್ಮನಾಗುತ್ತಿದ್ದಳು. ಈಗ ಅಜ್ಜಿಗೆ ಕಾಣಿಸದಿರುವುದರಿಂದ, ಆನೆಗೆ ಯಾವ ಬಣ್ಣ ಹಚ್ಚಿದೆ, ಅದರ ಸೊಂಡಿಲು ಯಾವ ಕಡೆಗೆ ತಿರುಗಿದೆ ಎಂಬುದನ್ನೆಲ್ಲ ಕನ್ನಡದಲ್ಲಿ ಹೇಳಲೇಬೇಕು. ಮೊನ್ನೆ ಅವಳು ನನ್ನನ್ನು “ಎಂತಕ್ಕೆ?” ಎಂದು ಕೇಳಿದಳು, ಆ ಮಾತು ನಮ್ಮಮ್ಮನದು.

ಒಂದು ಎಚ್ಚರಿಕೆ: ಹೊರಗಿನ ಟೆಲಿಫೋನ್ ಜಾಲದ ಸಂಪರ್ಕವಿಲ್ಲದ ಈ ಫೋನಿನಿಂದ ಅಮೆರಿಕದ ತುರ್ತು ಸೇವೆಯ ನಂಬರಾದ 911ಕ್ಕೆ ಕರೆ ಹೋಗುವುದಿಲ್ಲ. ಅದನ್ನು ಮಗುವಿಗೆ ಮೊದಲ ದಿನವೇ ಹೇಳಿ, ತುರ್ತಿಗೆ ಬಳಸಬೇಕಾದ ಫೋನು ಎಲ್ಲಿರುತ್ತದೆಂದು ತೋರಿಸಿಕೊಡಿ.